ಡೇರಿ ಗೋಡೆಗೆ ಅಂಟಿಸಿದ ಎಂಬಿ ಪುಸ್ತಕ

ಪಂಚಾಯಿತಿ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಊರವರ ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲ ನನ್ನ ಮಿಷನ್ ಮೇಲೆ ಹಾದು ಹೋಗುತ್ತವೆ. ಓದಬಾರದು ಅಂದುಕೊಂಡರೂ ಕಣ್ಣು ಬಿದ್ದೇ ಬೀಳುತ್ತದೆ.

2018ರ ಮಳೆಗಾಲ. ನಮ್ಮ ಬೀದಿಯ ಒಬ್ಬ ಅಕ್ಕ ಸಂಘದ ಸಾಲಕ್ಕೆ ಪಾಸ್‌ಬುಕ್ ಜೆರಾಕ್ಸ್ ಮಾಡಿಸಲು ಬಂದರು. ಉದ್ಯೋಗ ಖಾತ್ರಿ ದುಡ್ಡು ಎರಡು ಸಲ ಜಮೆಯಾಗಿತ್ತು, ಸಲಕ್ಕೆ 3,486 ರೂಪಾಯಿ. ಆಗ ಕೂಲಿ ದಿನಕ್ಕೆ 249. ಅಂದರೆ 28 ದಿನದ ಕೆಲಸ. ಆ ಅಕ್ಕನಿಗೆ ಮಂಡಿ ನೋವು, ಅಂಗಡಿಯ ಎರಡು ಮೆಟ್ಟಿಲು ಹತ್ತುವುದೇ ಕಷ್ಟ.

"ಅಕ್ಕ, ಯಾವ ಕೆಲಸಕ್ಕೆ ಹೋಗಿದ್ರಿ?" ಅಂದೆ.

"ಅದೆಲ್ಲ ನಿಂಗ್ಯಾಕಪ್ಪ, ಬೇಗ ಜೆರಾಕ್ಸ್ ಮಾಡು."

ಅವತ್ತು ರಾತ್ರಿ ಉದ್ಯೋಗ ಖಾತ್ರಿಯ ವೆಬ್‌ಸೈಟ್ ತೆರೆದು ಕೂತೆ. ಅದಕ್ಕೆ ಪಾಸ್‌ವರ್ಡ್ ಬೇಡ. ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯಿತಿ ಅಂತ ಒತ್ತುತ್ತಾ ಹೋದರೆ ಯಾರ ಜಾಬ್ ಕಾರ್ಡಿಗೆ ಎಷ್ಟು ದಿನ ಬರೆದಿದ್ದಾರೆ ಅಂತ ಸಿಗುತ್ತದೆ. ಊರಿನ ಹಳ್ಳದ ಹೂಳೆತ್ತುವ ಕಾಮಗಾರಿ. 40 ಜನ, 28 ದಿನ, ಒಟ್ಟು 2,78,880 ರೂಪಾಯಿ. ಆ ಹಳ್ಳಕ್ಕೆ ಎರಡು ದಿನ ಜೆಸಿಬಿ ಬಂದಿದ್ದನ್ನು ನಾನೇ ನೋಡಿದ್ದೆ. ಈ ಯೋಜನೆಯಲ್ಲಿ ಕಂಟ್ರಾಕ್ಟರ್ ಇರುವ ಹಾಗಿರಲಿಲ್ಲ, ಕೂಲಿಯವರ ಕೆಲಸ ಕಸಿಯುವ ಮಿಷನ್ನನ್ನೂ ಇಳಿಸುವ ಹಾಗಿರಲಿಲ್ಲ.

ಮಾಹಿತಿ ಹಕ್ಕು ಅರ್ಜಿ ಹಾಕೋಣ ಅಂತ ಕೂತೆ. ಬೇರೆಯವರ ಅರ್ಜಿಗಳನ್ನು ಎಷ್ಟೋ ಸಲ ಟೈಪ್ ಮಾಡಿಕೊಟ್ಟಿದ್ದೆ, ಹಾಗಾಗಿ ಗೊತ್ತು ಅನ್ನುವ ಜಂಬ. ಹನ್ನೊಂದು ಪ್ರಶ್ನೆ ಬರೆದೆ. "ಜೆಸಿಬಿ ಯಾಕೆ ಬಳಸಿದಿರಿ?", "ಯಾರ ಅನುಮತಿ ಇತ್ತು?" ಅಂತೆಲ್ಲ. ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕಿಂತ ದೊಡ್ಡ ತಪ್ಪು ನನ್ನ "ಯಾಕೆ". ಕಚೇರಿಯಲ್ಲಿ ಇರುವ ದಾಖಲೆ ಕೇಳಬಹುದು, ಸಮಜಾಯಿಷಿ ಕೇಳುವುದಕ್ಕೆ ಅದು ಜಾಗವಲ್ಲ.

ಎರಡನೇ ಅರ್ಜಿಯಲ್ಲಿ ಬರೀ ದಾಖಲೆಗಳ ಹೆಸರು: ಅಂದಾಜು ಪಟ್ಟಿ, ಎನ್‌ಎಂಆರ್ (ಕೂಲಿಯವರ ಹಾಜರಿ ಬರೆಯುವ ಮಸ್ಟರ್ ರೋಲ್) ಪ್ರತಿ, ಎಂಬಿ (ಇಂಜಿನಿಯರ್ ಅಳತೆ ಬರೆಯುವ) ಪುಸ್ತಕದ ಪುಟಗಳು, ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ತೆಗೆದ ಫೋಟೊಗಳು. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಆದರೆ ಈ ಸಲ ನಾನೊಬ್ಬನೇ ಹಾಕಲಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಲಿಂಗರಾಜು ಅನ್ನುವ ಆರ್‌ಟಿಐ ಕಾರ್ಯಕರ್ತರನ್ನು ಕೊಂದಿದ್ದು ಎಲ್ಲರಿಗೂ ನೆನಪಿತ್ತು. ನನ್ನ ಹೆಂಡತಿಗಂತೂ ಜಾಸ್ತಿಯೇ ನೆನಪಿತ್ತು. ಐದು ಜನ ಐದು ಅರ್ಜಿ ಹಾಕಿದೆವು, ಒಬ್ಬೊಬ್ಬರು ಒಂದೊಂದು ದಾಖಲೆಗೆ. ಯಾರನ್ನು ಹೆದರಿಸಬೇಕು ಅಂತ ಅವರೇ ಗೊಂದಲಕ್ಕೆ ಬೀಳಲಿ ಅಂತ.

30 ದಿನ ಕಳೆಯಿತು, ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಒಂದು ಕಾಗದ ಬಂತು: ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ. ಅವಧಿ ಮೀರಿದರೆ ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯ 7(6) ಹೇಳುತ್ತದೆ. ಆ ಕಲಮನ್ನೇ ಜೆರಾಕ್ಸ್ ಮಾಡಿ, ಕೆಳಗೆ ಗೆರೆ ಎಳೆದು ಕಳಿಸಿದೆ. ಕೊನೆಗೆ ಎಲ್ಲ ಸೇರಿ 41 ಪುಟ ಸಿಕ್ಕಿತು. ಜೆರಾಕ್ಸ್ ಅಂಗಡಿಯವನಿಗೆ ಪುಕ್ಕಟೆ ಜೆರಾಕ್ಸ್!

ಇಲ್ಲಿಂದ ಮುಂದೆ ನಾನು ಮಾಡಿದ್ದು ಶುದ್ಧ ದಡ್ಡತನ.

ಮೊದಲು ಪೇಪರಿನವರನ್ನು ಹಿಡಿದಿದ್ದೆ. ತಾಲೂಕಿನಲ್ಲಿ ಸುದ್ದಿ ಕಳಿಸುವ ಹುಡುಗ ಒಳ್ಳೆಯವನೇ. ಪುಟಗಳನ್ನೆಲ್ಲ ತಿರುವಿ ಹಾಕಿ, "ಅಣ್ಣ, ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಜಾಹೀರಾತು ಕೊಡೋದು ಇವರೇ" ಅಂದ. ಅವನಿಗೆ ಸಂಬಳ ಅಂತ ಬರುವುದು ಪೆಟ್ರೋಲಿಗೂ ಸಾಲದು, ಜಾಹೀರಾತಿನ ಕಮಿಷನ್ನೇ ಜೀವನ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಊರಿನ ದುಡ್ಡಿನ ಸುದ್ದಿ ಊರಿಗೆ ತಲುಪಲು ಆ ದಾರಿ ಆಗುವುದಿಲ್ಲ ಅಂತ ಗೊತ್ತಾಯಿತು.

ಹಾಗಾದರೆ ಊರವರೆಲ್ಲ ದಿನಾ ಬರುವ ಜಾಗ ಯಾವುದು? ಹಾಲಿನ ಡೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಲ್ಲ ಪಕ್ಷದವರೂ ಕ್ಯಾನ್ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುವುದು ಅಲ್ಲಿ ಮಾತ್ರ. ಹಳೇ ಫ್ಲೆಕ್ಸಿನ ಬಿಳಿ ಹಿಂಬದಿಯಲ್ಲಿ ಮಾರ್ಕರ್‌ನಿಂದ ಬರೆದು ಗೋಡೆಗೆ ಕಟ್ಟಿದೆ.

ಬರೆದಿದ್ದು ಏನು? 40 ಜನರ ಹೆಸರು, ದಿನ, ದುಡ್ಡು.

ಆ ಉಪಾಯ ರಾಜಸ್ಥಾನದ್ದು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಅನ್ನುವ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಮುಂದೆ ಮಸ್ಟರ್ ರೋಲ್ ಓದಿದ್ದರು. ಮಾಹಿತಿ ಹಕ್ಕಿನ ಚಳವಳಿ ಬೆಳೆದಿದ್ದೇ ಅಂಥ ಸಭೆಗಳಿಂದ. ಒಂದು ತರಬೇತಿಯಲ್ಲಿ ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತ್ತು. ಆದರೆ ಅಲ್ಲಿ ಓದಿದ್ದು ಕೂಲಿ ಸಿಗದವರ ಹೆಸರು. ನಮ್ಮೂರಲ್ಲಿ ದುಡ್ಡು ನೇರ ಖಾತೆಗೇ ಬಂದಿತ್ತು. ಬಂದ ದುಡ್ಡನ್ನು ಬಿಡಿಸಿ ಕಂಟ್ರಾಕ್ಟರನಿಗೆ ಕೊಟ್ಟುಬಿಟ್ಟರೆ ಕೈಗೆ 500 ಸಿಗುತ್ತಿತ್ತು. ನಾನು ಗೋಡೆಗೆ ಹಾಕಿದ್ದು ಕಂಟ್ರಾಕ್ಟರನ ಹೆಸರನ್ನಲ್ಲ, ಆ 500 ಇಸಿದುಕೊಂಡವರ ಹೆಸರನ್ನ. ಕಂಟ್ರಾಕ್ಟರನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಹೇಗೆ ಇರುತ್ತದೆ, ಕಾನೂನಿನ ಪ್ರಕಾರ ಅವನೇ ಇಲ್ಲವಲ್ಲ!

ಮಾರನೇ ದಿನ ಆ ಅಕ್ಕ ಅಂಗಡಿ ಮುಂದೆ ನಿಂತು ಅತ್ತುಬಿಟ್ಟರು. "ನನ್ನ ಹೆಸ್ರು ಗೋಡೆಗೆ ಹಾಕ್ಬಿಟ್ಟೆಯಲ್ಲಪ್ಪ. ಕಾರ್ಡು ಕೊಡಲ್ಲ ಅಂದ್ರೆ ಮುಂದೆ ಮನೆ ಬಿಲ್ಲು ಬರಲ್ಲ ಅಂದಿದ್ರು." ಎರಡು ಮನೆಯವರು ಮಾತು ಬಿಟ್ಟರು. ಕಂಟ್ರಾಕ್ಟರನ ಕಡೆಯವರು ಡೇರಿಯಲ್ಲಿ ನಿಂತು ನಗುತ್ತಿದ್ದರು. ಸಂಜೆ ನಾನೇ ಫ್ಲೆಕ್ಸ್ ಬಿಚ್ಚಿದೆ.

ವಾರಗಟ್ಟಲೆ ಆ 41 ಪುಟ ಡ್ರಾಯರಿನಲ್ಲೇ ಇತ್ತು. ದಾರಿ ತೋರಿಸಿದ್ದು ಒಬ್ಬ ಗಾರೆ ಮೇಸ್ತ್ರಿ. ಅಂಗಡಿಗೆ ಬಂದವನು ಎಂಬಿ ಪುಟ ನೋಡಿ, "ಇದೇನಣ್ಣ, ಉದ್ದ 320 ಮೀಟರ್ ಅಂತಿದೆ? ಆ ಹಳ್ಳ ಅಷ್ಟುದ್ದ ತೆಗ್ದೇ ಇಲ್ಲ" ಅಂದ. ಬಿಲ್ಲು ಆಗುವುದು ಎಂಬಿಯ ಅಳತೆ ಮೇಲೆ. ಉದ್ದ 320, ಅಗಲ 3, ಆಳ 1, ಒಟ್ಟು 960 ಘನ ಮೀಟರ್ ಅಂತ ಬರೆದು ಸಹಿ ಹಾಕಿದ್ದರು. ನಾನು ಮಸ್ಟರ್ ರೋಲ್ ಹಿಡಿದುಕೊಂಡು ಆ ಪುಟ ಓದಿಯೇ ಇರಲಿಲ್ಲ.

ಮೇಸ್ತ್ರಿಯ 30 ಮೀಟರ್ ಟೇಪ್ ತಗೊಂಡು ಆರು ಜನ ಹಳ್ಳಕ್ಕೆ ಹೋದೆವು. ಆಳದ ತಂಟೆಗೆ ಹೋಗಲಿಲ್ಲ. ಎರಡು ಮಳೆ ಬಂದರೆ ಹೂಳು ಮತ್ತೆ ತುಂಬುತ್ತದೆ, "ಆಗ ಆಳ ಇತ್ತು" ಅಂದರೆ ಮುಗಿಯಿತು. ಅಗಲವೂ ಹಾಗೇ, ದಡ ಕುಸಿಯಿತು ಅನ್ನುತ್ತಾರೆ. ಉದ್ದಕ್ಕೆ ಅಂಥ ನೆಪ ಇಲ್ಲ. ತೆಗೆದ ಕಡೆ ದಡದಲ್ಲಿ ಜೆಸಿಬಿ ಹಲ್ಲಿನ ಗುರುತು ಇನ್ನೂ ಇತ್ತು, ತೆಗೆಯದ ಕಡೆ ಹಳೇ ಜಾಲಿ ಗಿಡ ಹಾಗೇ ನಿಂತಿತ್ತು. ಅಳೆದಾಗ 190 ಮೀಟರ್. ಜಾಲಿ ಗಿಡದ ಪಕ್ಕ ಟೇಪ್ ಹಿಡಿದು ಫೋಟೊ ತೆಗೆದೆವು.

ಈ ಸಲ ಫ್ಲೆಕ್ಸ್ ಮೇಲೆ ಎರಡೇ ಸಾಲು. ಪುಸ್ತಕದಲ್ಲಿ 320, ಹಳ್ಳದಲ್ಲಿ 190. ಪಕ್ಕದಲ್ಲಿ ಎಂಬಿ ಪುಟವನ್ನು ಎ3ಗೆ ದೊಡ್ಡದು ಮಾಡಿ ಅಂಟಿಸಿದೆ. ಒಬ್ಬ ಕೂಲಿಯವರ ಹೆಸರೂ ಇಲ್ಲ. ಎರಡೇ ದಿನದಲ್ಲಿ ಹುಡುಗರು ತಾವೇ ಹಳ್ಳಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆದು ಬಂದರು. ಮೊದಲ ಸಲ ಜಗಳಕ್ಕೆ ಬಂದಿದ್ದವರೇ ಈಗ "130 ಮೀಟರ್ ಎಲ್ಲಿ ಹೋಯ್ತು?" ಅಂತ ಹಾಲು ಅಳೆಸುತ್ತಾ ಕೇಳತೊಡಗಿದರು.

2019ರ ಗ್ರಾಮಸಭೆಯಲ್ಲಿ ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಬರೆಯುವವರೆಗೂ ಯಾರೂ ಏಳಲಿಲ್ಲ. ನಡಾವಳಿಯಲ್ಲಿ ಇಲ್ಲದಿದ್ದರೆ ಸಭೆಯಲ್ಲಿ ಎಷ್ಟು ಕೂಗಿದರೂ ಸುಮ್ನೆ. ಆಮೇಲೆ ಅದರ ಪ್ರತಿ, ಅಳತೆ, ಫೋಟೊ ಇಟ್ಟು ಉದ್ಯೋಗ ಖಾತ್ರಿಯ ದೂರು ವಿಚಾರಿಸುವ ಜಿಲ್ಲೆಯ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಮರು ಅಳತೆ ಆಯಿತು, ವ್ಯತ್ಯಾಸದ ದುಡ್ಡು ವಸೂಲಿಗೆ ಆದೇಶವಾಯಿತು. ಒಂದು ಕಂತು ಕಟ್ಟಿದರು. ಉಳಿದದ್ದು ಕಟ್ಟಿದ ರಸೀದಿ ಕೇಳಿ ಹಾಕಿದ ಅರ್ಜಿ ಎರಡನೇ ಮೇಲ್ಮನವಿಗೆ ಹೋಗಿ ಕೂತಿತು.

ಈಗ ಯಾರಾದರೂ ಆರ್‌ಟಿಐ ಬರೆಸಲು ಬಂದರೆ ಮೊದಲು ಎಂಬಿ ಕೇಳಿ ಅನ್ನುತ್ತೇನೆ. 2023ರ ಡೇಟಾ ಸಂರಕ್ಷಣೆ ಕಾಯ್ದೆ ಆರ್‌ಟಿಐನ 8(1)(ಜೆ) ಕಲಮನ್ನು ಬದಲಿಸಿದೆ. ವೈಯಕ್ತಿಕ ಮಾಹಿತಿ, ಕೊಡುವುದಿಲ್ಲ ಅನ್ನುವುದು ಕಚೇರಿಗಳಿಗೆ ಇನ್ನೂ ಸುಲಭವಾಗುತ್ತದೆ ಅಂತ ನನ್ನ ಭಯ. ಹಳ್ಳದ ಉದ್ದಕ್ಕೆ ಆ ಮಾತು ಹೇಳಲು ಬರುವುದಿಲ್ಲವಲ್ಲ.

ಆ ಅಕ್ಕ ಬಹಳ ದಿನ ಅಂಗಡಿ ಕಡೆ ಬರಲಿಲ್ಲ. 2022ರ ಬೇಸಿಗೆಯಲ್ಲಿ ಒಂದು ಸಂಜೆ ಡೇರಿಯಿಂದ ನೇರ ಬಂದು ಜಾಬ್ ಕಾರ್ಡನ್ನು ಟೇಬಲ್ ಮೇಲಿಟ್ಟರು. "ಸೊಸೆ ಹೋಗಿದ್ಲು. ಎಷ್ಟು ದಿನ ತೋರಿಸ್ತದೆ ನೋಡು."

ನೋಡಿ 14 ಅಂದೆ.

"ಸರಿ ಐತೆ" ಅಂತ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಕ್ಯಾನ್ ಎತ್ತಿಕೊಂಡು ಹೋದರು.