ಕರಿ ಕಂಬಳಿಯಿಂದ ಶುರುವಾದದ್ದು

ಐದು ವರ್ಷದ ಹಿಂದೆ ಚಳ್ಳಕೆರೆ ಕಡೆ ಹೋದಾಗ ಒಂದು ಕರಿ ಕಂಬಳಿ ತಂದೆ. ಹಾಲ್‌ನ ದಿವಾನ್ ಮೇಲೆ ಹಾಸಬೇಕು ಅಂತ ಆಸೆ. ಅದು ಬಣ್ಣ ಹಾಕಿದ ಕಪ್ಪಲ್ಲ, ಡೆಕ್ಕನಿ ತಳಿಯ ಕುರಿಯ ಮೈಯದ್ದೇ ಕಪ್ಪು. ಅಂಚಿನಲ್ಲಿ ಎರಡು ಬಿಳಿ ಗೆರೆ. ಮಡಿಕೆ ಬಿಚ್ಚಿದರೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಕೊಟ್ಟ ಅಜ್ಜಿ ಹೇಳಿದ್ದರು, "ಹುಣಸೆ ಬೀಜದ ಗಂಜಿ ಐತೆ ಕಣವ್ವ. ಬಳಸ್ತಾ ಬಳಸ್ತಾ ಮೆತ್ತಗಾಗ್ತದೆ. ಆತುರ ಬ್ಯಾಡ."

ನಾನು ಆತುರ ಮಾಡಿದೆ. ವಾಷಿಂಗ್ ಮಷೀನ್‌ಗೆ ಬಿಸಿನೀರು ತುಂಬಿಸಿ ಕಂಬಳಿ ಹಾಕಿದೆ. ತೆಗೆದು ನೋಡಿದರೆ ಕಂಬಳಿ ಕುಗ್ಗಿ, ದಪ್ಪಗಾಗಿ, ನೇಯ್ಗೆಯ ಎಳೆಯೇ ಕಾಣದ ಹಾಗೆ ಆಗಿತ್ತು. ಯಾರೋ ಕೂತು ನೂತ ನೂಲು ಅದು. ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ಫೆಲ್ಟ್, ಅಂದರೆ ನೇಯದೆ ಉಣ್ಣೆಯನ್ನೇ ಒತ್ತಿ ಮಾಡುವ ದಪ್ಪ ಬಟ್ಟೆ, ಆಗುವುದೂ ಹೀಗೆಯೇ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಮೈಯ ಹಾಗೆ ಸಣ್ಣ ಸಣ್ಣ ಪೊರೆ ಇರುತ್ತದೆ. ಬಿಸಿನೀರು, ಸೋಪು, ತಿಕ್ಕಾಟ ಸೇರಿದರೆ ಆ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮತ್ತೆ ಬಿಡಿಸಲು ಆಗುವುದಿಲ್ಲ. ಹಾಳಾದ ಕಂಬಳಿಯನ್ನು ಕತ್ತರಿಸಿದೆ. ಅಂಚಿನಿಂದ ಒಂದು ಎಳೆಯೂ ಬಿಚ್ಚಲಿಲ್ಲ! ಅಡುಗೆಮನೆಯ ನಾಲ್ಕು ಸ್ಟೂಲಿಗೂ ಅದರದ್ದೇ ಮೆತ್ತೆ ಮಾಡಿದೆ. ಇವತ್ತಿಗೂ ಇವೆ.

ಅಲ್ಲಿಂದ ಕೈಯಾರೆ ಫೆಲ್ಟ್ ಮಾಡುವ ಹುಚ್ಚು ಹಿಡಿಯಿತು. ಉಣ್ಣೆ ಸಿಗುವುದು ಕಷ್ಟವಲ್ಲ. ಕೊಳ್ಳುವವರಿಲ್ಲದೆ ಎಷ್ಟೋ ಕಡೆ ಕುರಿಯ ಮೈಯಿಂದ ಕತ್ತರಿಸಿ ತೆಗೆದ ಉಣ್ಣೆಯನ್ನು ಸುಮ್ನೆ ಎಸೆಯುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಂದ ಉಣ್ಣೆಯ ಮುಳ್ಳು, ಹುಲ್ಲುಕಡ್ಡಿ ಆರಿಸಿ, ತಣ್ಣೀರಲ್ಲಿ ಅಂಟುವಾಳ ಕಾಯಿ ಹಾಕಿ ಮೂರು ಸಲ ನೆನೆಸಿ ತೆಗೆಯುತ್ತೇನೆ. ಇಲ್ಲಿ ಉಜ್ಜಬಾರದು, ಉಜ್ಜಿದರೆ ಗಂಟಾಗುತ್ತದೆ. ಒಣಗಿದ ಮೇಲೆ ಚೆನ್ನಾಗಿ ಹಿಂಜಿ, ಚಾಪೆಯ ಮೇಲೆ ತೆಳ್ಳಗೆ ಹರಡುತ್ತೇನೆ. ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಹೀಗೆ ನಾಲ್ಕು ಪದರ. ಮೇಲೆ ಹಳೇ ಸೊಳ್ಳೆಪರದೆ ಹೊದಿಸಿ, ಬಿಸಿ ಸೋಪಿನ ನೀರು ಚಿಮುಕಿಸಿ, ಅಂಗೈಯಿಂದ ಮೆಲ್ಲಗೆ ಒತ್ತುತ್ತೇನೆ. ಮೊದಲೇ ಜೋರಾಗಿ ತಿಕ್ಕಿದರೆ ಪದರಗಳು ಜಾರಿ ನಡುವೆ ತೂತು ಬೀಳುತ್ತದೆ. ನನ್ನ ಮೊದಲ ಎರಡು ತುಂಡು ಹೋಗಿದ್ದು ಹೀಗೆಯೇ. ಆಮೇಲೆ ಚಾಪೆ ಸಮೇತ ಸುತ್ತಿ ಉರುಳಿಸುವುದು. ನಡುನಡುವೆ ಬಿಚ್ಚಿ, ದಿಕ್ಕು ತಿರುಗಿಸಿ ಮತ್ತೆ ಸುತ್ತುವುದು. ನಮ್ಮ ಕುರಿಯದ್ದು ಒರಟು ಉಣ್ಣೆ, ಬೇಗ ಕೂಡುವುದಿಲ್ಲ. ಒಂದು ಗಂಟೆಗೂ ಜಾಸ್ತಿ ಬೇಕು. ಆಗಿದೆಯಾ ಅಂತ ನೋಡಲು ಎರಡು ಬೆರಳಲ್ಲಿ ಚಿವುಟಿ ಎತ್ತುತ್ತೇನೆ. ಬಿಡಿ ಕೂದಲು ಎದ್ದು ಬಂದರೆ ಇನ್ನೂ ಆಗಿಲ್ಲ. ಇಡೀ ತುಂಡು ಚರ್ಮದ ಹಾಗೆ ಒಟ್ಟಿಗೆ ಎದ್ದರೆ ಆಯಿತು. ಮೂವತ್ತು ಇಂಚು ಹರಡಿದ್ದು ಇಪ್ಪತ್ತರ ಹತ್ತಿರಕ್ಕೆ ಇಳಿದಿರುತ್ತದೆ.

ಮನೆ ತುಂಬಾ ಕಂಬಳಿ, ಫೆಲ್ಟ್ ತುಂಬಬೇಡಿ. ಒರಟು ಉಣ್ಣೆ ಬರಿ ಮೈಗೆ ಚುಚ್ಚುತ್ತದೆ. ಅದನ್ನು ಮೆತ್ತಗೆ ಮಾಡಲು ಒದ್ದಾಡುವ ಬದಲು ಜಾಗ ನೋಡಿ ಹಾಕಬೇಕು, ಅಲ್ವಾ? ಕೈ, ಕುತ್ತಿಗೆ ತಾಗುವ ಕಡೆ ಅಮ್ಮನ ಹಳೇ ಹತ್ತಿ ಸೀರೆಗಳ ಕೌದಿ ಹಾಕಿದ್ದೇನೆ. ಆಮೇಲೆ ತಂದ ಇನ್ನೊಂದು ಕಂಬಳಿ ದಿವಾನ್‌ನ ಕಾಲಿನ ಕಡೆ. ಫೆಲ್ಟ್ ನೆಲದ ಕೂರುಮಣೆಗೆ, ಬಾಗಿಲ ಪಕ್ಕದ ಬೋಳು ಗೋಡೆಗೆ. ಕಪ್ಪು ಫೆಲ್ಟಿನ ನಡುವೆ ಬಿಳಿ ಉಣ್ಣೆಯ ಒಂದೇ ಒಂದು ಸುತ್ತು, ಅಷ್ಟೇ. ಅದನ್ನು ತೂಗುಹಾಕಿದ ಮೇಲೆ ಆ ಕೋಣೆಯಲ್ಲಿ ಮಾತು ಮೊದಲಿನಷ್ಟು ಗುಯ್‌ಗುಡುವುದಿಲ್ಲ.

ಹುಳು ಹತ್ತದಂತೆ ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವುತ್ತೇನೆ. ಎತ್ತಿಡುವಾಗ ಮಡಿಕೆಯಲ್ಲಿ ಒಣಗಿದ ಬೇವಿನ ಸೊಪ್ಪು.

ಅದೇ ಅಜ್ಜಿಯ ಹತ್ತಿರ ಎರಡನೇ ಕಂಬಳಿ ತಂದು ನಾಲ್ಕು ವರ್ಷವಾಯಿತು. ನೀರು ಮುಟ್ಟಿಸಿಲ್ಲ. ಈಗ ದಿವಾನ್ ಅಂಚಿಗೆ ಹಾಕಿದರೆ ಸೆಟೆಯದೆ ತಾನೇ ಇಳಿಬೀಳುತ್ತದೆ.