ಉಣ್ಣಿ ರೋಗದ ರಿಪೋರ್ಟಿನಲ್ಲಿ ಯಾವ ಹೆಸರು ಬರೆಯಬೇಕು?

ಹೋದ ವರ್ಷ ಕಾರಟಗಿ ಕಡೆಯ ರೈತರೊಬ್ಬರು ಎರಡು ರಿಪೋರ್ಟ್ ಹಿಡಿದುಕೊಂಡು ಗಂಗಾವತಿಯ ನನ್ನ ಲ್ಯಾಬಿಗೆ ಬಂದರು. ಒಂದರಲ್ಲಿ ಎರ್ಲಿಕಿಯಾ ಪ್ಲಾಟಿಸ್, ಇನ್ನೊಂದರಲ್ಲಿ ಅನಾಪ್ಲಾಸ್ಮಾ ಪ್ಲಾಟಿಸ್. "ಅಕ್ಕಾರ, ನಮ್ಮ ನಾಯಿಗೆ ಎರಡು ರೋಗ ಅದಾವೇನ್ರಿ?" ಅಂದರು. ಎರಡೂ ಉಣ್ಣಿ ಹರಡುವ ಒಂದೇ ಬ್ಯಾಕ್ಟೀರಿಯಾ. 2001ರಲ್ಲೇ ಹೆಸರು ಬದಲಾಗಿದೆ, ಒಂದು ಲ್ಯಾಬಿನ ಫಾರ್ಮ್ ಮಾತ್ರ ಬದಲಾಗಿರಲಿಲ್ಲ. ಅವರು ಎರಡು ರೋಗಕ್ಕೆ ಎರಡು ಥರದ ಔಷಧಿ ಕೊಳ್ಳೋಕೆ ಹೊರಟಿದ್ದರು! ಹೊಸದಾಗಿ ಲ್ಯಾಬ್ ಕೆಲಸ ಹಿಡಿದವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು, ಅದು ಬ್ಯಾಕ್ಟೀರಿಯಾ ಹೌದೋ ಅಲ್ವೋ ಅಂತ. ಉಣ್ಣಿ ತರುವುದೆಲ್ಲ ಬ್ಯಾಕ್ಟೀರಿಯಾ ಅಲ್ಲ. ದನಗಳಿಗೆ ಬರುವ ಬಬೇಸಿಯಾ, ಥೈಲೇರಿಯಾ ಎರಡೂ ಪ್ರೊಟೊಜೋವಾ, ಅಂದರೆ ಬ್ಯಾಕ್ಟೀರಿಯಾ ಅಲ್ಲದ ಬೇರೆ ಥರದ ಏಕಕೋಶ ಜೀವಿಗಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮಂಗನ ಕಾಯಿಲೆ ವೈರಸ್ಸಿಂದ ಬರುತ್ತದೆ.

ಇನ್ನು ಸ್ಲೈಡ್. ಕಿವಿ ತುದಿಯ ರಕ್ತದ ಹನಿ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಮೆಥನಾಲಿನಲ್ಲಿ ಐದು ನಿಮಿಷ, ಆಮೇಲೆ ಒಂದಕ್ಕೆ ಹತ್ತರಷ್ಟು ತೆಳುವಾದ ಗೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆ. ಗೀಮ್ಸಾಕ್ಕೆ ಬೋರ್ ನೀರು ಬೆರೆಸಬೇಡಿ. ನಾನು ಮೊದಲ ತಿಂಗಳು ಅದೇ ತಪ್ಪು ಮಾಡಿದ್ದೆ, ಕೋಶಗಳೆಲ್ಲ ನೀಲಿ ನೀಲಿ! ಪಿಎಚ್ 7.2ರ ಬಫರ್ ನೀರೇ ಆಗಬೇಕು.

ನೂರರ ಲೆನ್ಸಿಗೆ ಎಣ್ಣೆ ಹಾಕಿ ನೋಡಿ. ದನದ ಕೆಂಪು ರಕ್ತಕಣದ ಅಂಚಿಗೆ ಕಡುನೇರಳೆ ಚುಕ್ಕೆ ಕೂತಿದ್ದರೆ ಅನಾಪ್ಲಾಸ್ಮಾ ಮಾರ್ಜಿನೇಲ್ ಇರಬಹುದು. ಹೆಸರಿನಲ್ಲೇ ಅಂಚು ಇದೆ. ಚುಕ್ಕೆ ನಡುವಿಗೆ ಜಾಸ್ತಿ ಕಂಡರೆ ಅನಾಪ್ಲಾಸ್ಮಾ ಸೆಂಟ್ರೇಲ್ ಇರಬಹುದು. ಬಣ್ಣದ ಕಸವೂ ಹಾಗೇ ಕಾಣುತ್ತದೆ, ಮೋಸ ಹೋಗಬೇಡಿ. ಫೈನ್ ಫೋಕಸ್ ಸ್ವಲ್ಪ ತಿರುಗಿಸಿ. ಕಸ ಕಣದ ಮೇಲೆ ಬೇರೆ ಮಟ್ಟದಲ್ಲಿ ಹೊಳೆಯುತ್ತದೆ, ಕಣದ ಹೊರಗೂ ಬಿದ್ದಿರುತ್ತದೆ. ನಾಯಿಯಲ್ಲಿ ಬ್ಯಾಕ್ಟೀರಿಯಾ ಯಾವ ಕಣದೊಳಗಿದೆ ಅನ್ನುವುದೇ ಮುಖ್ಯ. ಎರ್ಲಿಕಿಯಾ ಕ್ಯಾನಿಸ್ ಇರುವುದು ಮೋನೋಸೈಟ್ ಅನ್ನುವ ಬಿಳಿ ರಕ್ತಕಣದಲ್ಲಿ, ಪ್ಲಾಟಿಸ್ ಇರುವುದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟಿನಲ್ಲಿ. ಅಲ್ಲಿ ಗುಂಪು ಕಟ್ಟಿಕೊಂಡಿದ್ದನ್ನು ಮೊರುಲಾ ಅಂತಾರೆ, ಹಿಪ್ಪುನೇರಳೆ ಹಣ್ಣು ನೆನಪಿಸಿಕೊಳ್ಳಿ, ಥೇಟ್ ಹಾಗೇ ಕಾಣುತ್ತದೆ.

ಆದರೆ ಸ್ಲೈಡ್ ಒಂದನ್ನೇ ನೋಡಿ ಪೂರ್ತಿ ಹೆಸರು ಬರೆಯಬೇಡಿ. "ಅನಾಪ್ಲಾಸ್ಮಾದಂತಹ ಚುಕ್ಕೆಗಳು ಕಂಡಿವೆ" ಅಷ್ಟು ಸಾಕು. ಹತ್ತು ನಿಮಿಷದ ಕಿಟ್ ತೋರಿಸುವುದು ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ಮಾಡಿಕೊಂಡದ್ದು, ಬ್ಯಾಕ್ಟೀರಿಯಾ ಅಲ್ಲ. ಹಳೆಯ ಸೋಂಕಿಗೂ ಗೆರೆ ಮೂಡುತ್ತದೆ, ಹತ್ತಿರದ ಜಾತಿಗಳೂ ಅದರಲ್ಲಿ ಕಲೆಸಿಹೋಗುತ್ತವೆ. ಜಾತಿಯ ಹೆಸರು ಬರೆಯಬೇಕಾದರೆ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಅಥವಾ ಜೀನ್ ಓದಿದ ಫಲಿತಾಂಶ ಕೈಯಲ್ಲಿರಲಿ.

ಹೆಸರು ಬದಲಾಗಲು ಕಾರಣವೂ ಜೀನೇ. ಮೊದಲು ಯಾವ ಕಣದಲ್ಲಿ ಕೂತಿದೆ ಅನ್ನುವುದನ್ನೇ ನೋಡಿ ಗುಂಪು ಮಾಡುತ್ತಿದ್ದರು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಅನ್ನುವ ಜೀನ್ ಹೋಲಿಸಿದಾಗ ನೆಂಟಸ್ತಿಕೆ ಬೇರೆಯೇ ಇತ್ತು. 2001ರಲ್ಲಿ ಪ್ಲಾಟಿಸ್ ಅನಾಪ್ಲಾಸ್ಮಾ ಮನೆಗೆ ಬಂತು. ಎರ್ಲಿಕಿಯಾ ಫ್ಯಾಗೋಸೈಟೋಫಿಲಾ ಮತ್ತು ಎರ್ಲಿಕಿಯಾ ಈಕ್ವಿ ಒಂದೇ ಆಗಿ ಅನಾಪ್ಲಾಸ್ಮಾ ಫ್ಯಾಗೋಸೈಟೋಫಿಲಮ್ ಆದವು. ಹಾಗಾಗಿ ರಿಪೋರ್ಟಿನಲ್ಲಿ ಹೊಸ ಹೆಸರು ಬರೆದು, ಪಕ್ಕದಲ್ಲಿ "ಹಿಂದಿನ ಹೆಸರು" ಅಂತ ಹಳೆಯದನ್ನೂ ಬರೆಯಿರಿ.

ಕೆಲವು ಹೆಸರಿನ ಮುಂದೆ ಕ್ಯಾಂಡಿಡೇಟಸ್ ಅಂತ ಇರುತ್ತದೆ. ಅದು ತಾತ್ಕಾಲಿಕ ಹೆಸರು. ಕಾಯಂ ಹೆಸರು ಬೇಕಾದರೆ ಜೀವಂತ ಬ್ಯಾಕ್ಟೀರಿಯಾ ಬೆಳೆಸಿ ಎರಡು ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಗಳಲ್ಲಿ ಇಡಬೇಕು ಅನ್ನುವ ನಿಯಮ ಇದೆ. ಕಣದೊಳಗೇ ಬದುಕುವ ಇವನ್ನು ಬೆಳೆಸುವುದು ಸುಮ್ನೆ ಮಾತಲ್ಲ. ಆ ಪದವನ್ನು ನೀವಾಗಿ ಕಿತ್ತುಹಾಕಬೇಡಿ.

ಬರೆಯುವಾಗ ಇನ್ನೊಂದು ಎಚ್ಚರ. ಇಂಗ್ಲಿಷಿನಲ್ಲಾದರೆ ಕುಲದ (ಹೆಸರಿನ ಮೊದಲ ಪದ) ಮೊದಲ ಅಕ್ಷರ ದೊಡ್ಡದು, ಜಾತಿಯದು (ಎರಡನೇ ಪದ) ಚಿಕ್ಕದು, ಎರಡೂ ಓರೆ ಅಕ್ಷರ, ಕೈಬರಹಕ್ಕೆ ಅಡಿಗೆರೆ. ಕನ್ನಡದಲ್ಲಿ ಹೆಸರನ್ನು ಮೊಟಕು ಮಾಡಲೇಬೇಡಿ. "ಎ. ಪ್ಲಾಟಿಸ್" ಅಂದರೆ ಎರ್ಲಿಕಿಯಾದ ಎ ಅಂತಲೋ, ಇಂಗ್ಲಿಷಿನ ಎ ಅಂತ ಅನಾಪ್ಲಾಸ್ಮಾನೋ? ಓದಿದವರು ಏನು ತಿಳೀಬೇಕು?

ಏನೂ ಕಾಣದಿದ್ದರೆ "ರೋಗವಿಲ್ಲ" ಅಂತ ಬರೆಯಬೇಡಿ. "ಈ ಸ್ಲೈಡಿನಲ್ಲಿ ಕಾಣಲಿಲ್ಲ" ಅಂತ ಬರೆಯಿರಿ. ಕ್ಯಾನಿಸ್ ಮೊರುಲಾ ಸಿಗುವುದೇ ಅಪರೂಪ.