ಡಯಾಲಿಸಿಸ್ ರೋಗಿಗೆ ಮಂಡಿನೋವು ಬಂದರೆ

ನಾನು ಕಿಡ್ನಿ ಸ್ಪೆಷಲಿಸ್ಟ್ ಅಲ್ಲ. ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯಲ್ಲಿ ಕ್ಲಿನಿಕ್ ನಡೆಸುವ ಎಂಬಿಬಿಎಸ್ ಡಾಕ್ಟರ್. ವಾರಕ್ಕೆ ಎರಡು ಮೂರು ಸಲ ತಾಲೂಕು ಆಸ್ಪತ್ರೆಗೆ ಹೋಗಿ, ಕೆಟ್ಟ ಕಿಡ್ನಿಯ ಬದಲು ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಮಷಿನ್ ಪಕ್ಕ ನಾಲ್ಕು ಗಂಟೆ ಮಲಗಿ ಬರುವವರಿಗೂ ಶೀತ, ಮಂಡಿನೋವು, ಎದೆಯುರಿ ಬರುತ್ತದಲ್ವಾ? ಅದಕ್ಕೆಲ್ಲ ಅವರು ಬರುವುದು ನನ್ನ ಹತ್ತಿರ. ಮಷಿನ್ ಕೆಲಸ ಅಲ್ಲಿನವರು ನೋಡಿಕೊಳ್ಳುತ್ತಾರೆ. ಎಡವಟ್ಟಾಗುವುದು ಜಾಸ್ತಿ ಇಂಥ ಚಿಲ್ಲರೆ ಕಾಯಿಲೆಗಳ ಚೀಟಿಯಲ್ಲೇ.

ಮಂಡಿನೋವಿಗೆ ಡೈಕ್ಲೋಫೆನಾಕ್ ಕೊಡುವುದಿಲ್ಲ. ಸ್ವಲ್ಪವಾದರೂ ಮೂತ್ರ ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಿಬಿಡಬಹುದು, ಹೊಟ್ಟೆಯಲ್ಲಿ ರಕ್ತ ಬರುವ ಭಯ ಬೇರೆ. ಪ್ಯಾರಾಸಿಟಮಾಲ್ ಸಾಕು. ಕಾಲುರಿಗೆ ಕೊಡುವ ಪ್ರೆಗಾಬಾಲಿನ್ ಎಲ್ಲರಿಗೂ ಕೊಡುವ ಡೋಸಿನಲ್ಲಿ ಕೊಟ್ಟರೆ ಇವರು ದಿನವಿಡೀ ತೂಕಡಿಸುತ್ತಾರೆ, ಮಾತು ತಡವರಿಸುತ್ತದೆ. ಅಂಗಡಿಯಿಂದ ತಾವೇ ತರುವ ಆ್ಯಸಿಡಿಟಿ ಸಿರಪ್‌ನಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕದು, ಹಾಗಾಗಿ ಅದೂ ಬೇಡ.

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಒಂದು ಖುಷಿ ನೋಡುತ್ತೇನೆ: "ಡಾಕ್ಟ್ರೇ, ಶುಗರ್ ತಾನಾಗಿಯೇ ಕಡಿಮೆಯಾಯ್ತು!" ಗುಣವಾದದ್ದಲ್ಲ. ಕಿಡ್ನಿ ಕೆಟ್ಟಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಳೆಯ ಡೋಸನ್ನೇ ಮುಂದುವರಿಸಿದರೆ ರಾತ್ರಿ ಬೆವರಿ ಪ್ರಜ್ಞೆ ತಪ್ಪಬಹುದು. ಹಾಗಾಗಿ ಮೊದಲು ಡೋಸ್ ಇಳಿಸುತ್ತೇನೆ.

ನನಗೆ ಹೆಚ್ಚು ಹೊತ್ತು ಹಿಡಿಯುವುದು ನೀರಿನ ಲೆಕ್ಕ. ಡಯಾಲಿಸಿಸ್ ಪುಸ್ತಕ ತೆಗೆದು ಹೋದ ಸಲದ ತೂಕ, ಈ ಸಲದ ತೂಕ ನೋಡುತ್ತೇನೆ. ಎರಡು ದಿನದಲ್ಲಿ ಮೂರು ಕಿಲೋ ಏರಿದ್ದರೆ ಅದು ಊಟದ ತೂಕ ಅಲ್ಲ, ಮೂತ್ರವಾಗಿ ಹೋಗದೆ ಮೈಯಲ್ಲೇ ನಿಂತ ಸುಮಾರು ಮೂರು ಲೀಟರ್ ನೀರು. "ನಾನು ನೀರು ಮುಟ್ಟುವುದೇ ಇಲ್ಲ" ಅನ್ನುತ್ತಾರೆ. ನಿಜವೇ. ಆದರೆ ಎರಡು ಹೊತ್ತು ಗಂಜಿ, ಮೇಲೆ ಮಜ್ಜಿಗೆ, ಚಾ! ನಮ್ಮ ಕಡೆ ಗಂಜಿಯನ್ನು ನೀರು ಅಂತ ಯಾರೂ ಎಣಿಸುವುದಿಲ್ಲ. ತಿಳಿ ಬಸಿದು ಉಣ್ಣಿ ಅನ್ನುತ್ತೇನೆ. ಉಪ್ಪು, ಉಪ್ಪಿನಕಾಯಿ ಕಡಿಮೆಯಾಗದೆ ಬಾಯಾರಿಕೆಯೂ ಕಡಿಮೆಯಾಗದು. ಅದಕ್ಕೆಂದು 'ಕಡಿಮೆ ಸೋಡಿಯಂ' ಉಪ್ಪು ಕೊಂಡರೆ ಇನ್ನೂ ಅಪಾಯ, ಅದರಲ್ಲಿರುವುದು ಪೊಟ್ಯಾಸಿಯಂ. ನೋಡಲು ಬಂದವರು ಪ್ರೀತಿಯಿಂದ ತರುವ ಬೊಂಡದಲ್ಲೂ (ಎಳನೀರು) ಅದೇ ಇದೆ, ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಒಂದು ತುಂಡೂ ಬೇಡ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಡಯಾಲಿಸಿಸ್ ಸೂಜಿ ಹಾಕಲೆಂದು ಕೈಯ ಎರಡು ರಕ್ತನಾಳ ಜೋಡಿಸಿ ಮಾಡುವುದು ಫಿಸ್ಟುಲಾ. ಅದು ಇರುವ ಕೈಗೆ ಬಿಪಿ ಪಟ್ಟಿ ಕಟ್ಟುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಪ್ರತಿ ಸಲ ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ. ಜುಮ್ ಅನ್ನಬೇಕು. ಅನ್ನದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಕಳಿಸುತ್ತೇನೆ. ಡಯಾಲಿಸಿಸ್‌ಗೆಂದು ಕುತ್ತಿಗೆಯ ರಕ್ತನಾಳಕ್ಕೆ ಪೈಪ್ ಹಾಕಿಸಿಕೊಂಡವರು ಚಳಿಜ್ವರ ಅಂತ ಬಂದರೆ ಸುಮ್ನೆ ಆ್ಯಂಟಿಬಯಾಟಿಕ್ ಮಾತ್ರೆ ಬರೆದು ಮನೆಗೆ ಕಳಿಸುವ ಪ್ರಶ್ನೆಯೇ ಇಲ್ಲ. ಸೋಂಕು ರಕ್ತಕ್ಕೇ ಸೇರಿರಬಹುದು. ಡಯಾಲಿಸಿಸ್ ಘಟಕಕ್ಕೆ ನಾನೇ ಫೋನ್ ಮಾಡಿ, ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂಬ ಪರೀಕ್ಷೆ) ತೆಗೆಯುವ ಆಸ್ಪತ್ರೆಗೆ ಆಗಲೇ ಹೊರಡಿಸುತ್ತೇನೆ.